ಗುಳಿಗೆ ನುಂಗಿದ್ರಾ ಅಂತ ಕೇಳುವ ಬಗೆ: ನನ್ನ ಎಂಡಿ ಥೀಸಿಸ್ ಅನುಭವ

ಕಮ್ಯೂನಿಟಿ ಮೆಡಿಸಿನ್‌ನಲ್ಲಿ ಎಂಡಿ ಮಾಡುವವರಿಗೆ ಥೀಸಿಸ್ ಅಂದರೆ ಊರೂರು ಸುತ್ತುವ ಕೆಲಸ. ನಾನು ಸುತ್ತಿದ್ದು ರಾಯಚೂರು ಜಿಲ್ಲೆಯ ಹಳ್ಳಿಗಳನ್ನು. ಬಸುರಿಯರು ಸರ್ಕಾರ ಕೊಡುವ ಕಬ್ಬಿಣಾಂಶದ ಗುಳಿಗೆ ನಿಜವಾಗಿ ನುಂಗುತ್ತಾರಾ, ನುಂಗಿದವರ ಹಿಮೋಗ್ಲೋಬಿನ್ ಏರುತ್ತದಾ ಎಂಬುದು ನನ್ನ ವಿಷಯ. ಈಗ ಥೀಸಿಸ್ ಶುರು ಮಾಡುತ್ತಿರುವ ಜೂನಿಯರ್‌ಗಳು ಫೋನ್ ಮಾಡಿದಾಗ ಕೇಳುವುದು ಬರೀ ಸ್ಟ್ಯಾಟಿಸ್ಟಿಕ್ಸ್ ಬಗ್ಗೆ. ನನಗೆ ಹೇಳಬೇಕು ಅನಿಸುವುದು ಬೇರೆಯೇ ಇದೆ. ಅಂಕಿ ಕೆಟ್ಟರೆ ಮನೆ ಬಾಗಿಲಲ್ಲೇ ಕೆಡುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಅದು ಸರಿ ಹೋಗಲ್ಲ.

ಕಾಗದದ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಿನಾಪ್ಸಿಸ್, ಅಂದರೆ ಥೀಸಿಸ್‌ನಲ್ಲಿ ಏನು ಮಾಡುತ್ತೇವೆ ಅನ್ನುವ ಯೋಜನೆಯ ಟಿಪ್ಪಣಿ, ಮೊದಲ ವರ್ಷದಲ್ಲೇ ಹೋಗಬೇಕು. ಅದಕ್ಕೂ ಮುಂಚೆ ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್ ಇದೆಯಲ್ಲ, ಅದನ್ನು ಸುಮ್ನೆ ಸರ್ಟಿಫಿಕೇಟ್‌ಗೆ ಅಂತ ಓಡಿಸಬೇಡಿ. ಸಿನಾಪ್ಸಿಸ್ ಬರೆಯುವ ಮೊದಲೇ ಕೂತು ನೋಡಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಸ್ಯಾಂಪಲ್ ಎಷ್ಟು ಅಂತ ಎಲ್ಲರಿಗೂ ತಲೆನೋವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 47.8 ಪರ್ಸೆಂಟ್ ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಮ್ಮಿ ಅರ್ಧ. ಹಾಗಾಗಿ 50 ಪರ್ಸೆಂಟ್ ಅಂತಲೇ ಹಿಡಿದೆ. ಐದು ಪರ್ಸೆಂಟ್ ಆಚೀಚೆ ಆಗಬಹುದು ಅಂದುಕೊಂಡು ಲೆಕ್ಕ ಹಾಕಿದರೆ 400 ಬರುತ್ತದೆ. ಸಿಗದೆ ಹೋಗುವವರು ಇದ್ದೇ ಇರುತ್ತಾರೆ ಅಂತ ಹತ್ತು ಪರ್ಸೆಂಟ್ ಸೇರಿಸಿ 440 ಮಾಡಿಕೊಂಡೆ.

ಆ 'ಸಿಗದೆ ಹೋಗುವವರು' ಯಾರು ಅನ್ನುವುದನ್ನು ನಮ್ಮ ಕಡೆ ಮೊದಲೇ ಯೋಚಿಸಬೇಕು. ಏಳನೇ ತಿಂಗಳು ಬಂತು ಅಂದರೆ ಕುಬಸ (ಸೀಮಂತ) ಮಾಡುತ್ತಾರೆ. ಚೊಚ್ಚಲು ಆದರೆ ಹುಡುಗಿ ತವರಿಗೆ ಹೋಗುತ್ತಾಳೆ. ಎರಡನೇ ಸಲ ರಕ್ತ ನೋಡಲು ನಾನು ಹೋಗುವ ಹೊತ್ತಿಗೆ ಅವಳು ಗಂಡನ ಮನೆಯಲ್ಲಿ ಇರಲ್ಲ. ಇನ್ನು ಕೆಲವರು ಗಂಡನ ಜೊತೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ. ಅದಕ್ಕೇ ಮೊದಲ ಭೇಟಿಯಲ್ಲೇ ತವರಿನ ಊರು, ಅಲ್ಲಿಯ ಆಶಾ ಕಾರ್ಯಕರ್ತೆ ಯಾರು, ಮನೆಯಲ್ಲಿ ಫೋನ್ ಎತ್ತುವವರು ಯಾರು ಅಂತ ಬರೆದುಕೊಳ್ಳುತ್ತಿದ್ದೆ. ತವರು ಪಕ್ಕದ ತಾಲೂಕಿನಲ್ಲಿದ್ದರೆ ಅಲ್ಲಿಗೇ ಹೋಗುತ್ತಿದ್ದೆ. ಹೀಗೆ ಹೋದವರನ್ನು ಬಿಟ್ಟುಬಿಟ್ಟರೆ ಲೆಕ್ಕದಲ್ಲಿ ಉಳಿಯುವುದು ಎರಡನೇ, ಮೂರನೇ ಬಸುರಿನವರೇ ಜಾಸ್ತಿ. ಆಗ ಬರುವ ಉತ್ತರ ಇಡೀ ಊರಿನ ಉತ್ತರ ಆಗಲ್ಲ, ಅಲ್ವಾ?

ಹೊತ್ತು ನೋಡಿ ಹೋಗುವುದೂ ಅಷ್ಟೇ ಮುಖ್ಯ. ಹತ್ತಿ ಬಿಡಿಸುವ ಕಾಲದಲ್ಲಿ ಹತ್ತು ಗಂಟೆಗೆ ಹಳ್ಳಿಗೆ ಹೋದರೆ ಮನೆಗಳಿಗೆ ಬೀಗ. ಬೆಳಿಗ್ಗೆ ಏಳರೊಳಗೆ ಊರಲ್ಲಿ ಇರಬೇಕು, ಇಲ್ಲವೇ ಸಂಜೆ ಅವರು ಹೊಲದಿಂದ ಬಂದು ಕೈಕಾಲು ತೊಳೆದ ಮೇಲೆ. ಹೊಲಕ್ಕೆ ಹೋಗುವ ಬಸುರಿಯರನ್ನೇ ನಾನು ನೋಡಬೇಕಿತ್ತು. ಮನೆಯಲ್ಲೇ ಇರುವವರು ಸುಲಭಕ್ಕೆ ಸಿಗುತ್ತಾರೆ ಅಂತ ಅವರನ್ನಷ್ಟೇ ಮಾತಾಡಿಸಿ ಬಂದರೆ ಹೇಗೆ?

ಇನ್ನು ಒಪ್ಪಿಗೆ. ಸಹಿ ಬರದವರು ಹೆಬ್ಬೆಟ್ಟು ಒತ್ತುವಾಗ ನಮ್ಮ ತಂಡದವರಲ್ಲದ ಒಬ್ಬರು ಸಾಕ್ಷಿ ಇರಬೇಕು. ಅಂಗನವಾಡಿ ಟೀಚರ್ ಅಥವಾ ಪಕ್ಕದ ಮನೆಯ ಓದಿದ ಹುಡುಗಿಯನ್ನು ಕೇಳಿಕೊಳ್ಳುತ್ತಿದ್ದೆ. ಎಷ್ಟೋ ಕಡೆ ಅತ್ತೆಯೇ "ತಗೋರಿ ರಕ್ತ, ನಾ ಹೇಳೀನಲ್ಲ" ಅನ್ನುತ್ತಿದ್ದರು. ಅತ್ತೆಯ ಮಾತಿಗೆ ಮರ್ಯಾದೆ ಕೊಡಲೇಬೇಕು. ಆದರೆ ಬೆರಳು ಸೊಸೆಯದು. ಅವಳ ಬಾಯಿಂದ ಹೂಂ ಬರುವ ತನಕ ನಾನು ಸೂಜಿ ಬಿಚ್ಚುತ್ತಿರಲಿಲ್ಲ. ಬೇಡ ಅಂದವಳನ್ನು ಎರಡನೇ ಸಲ ಕೇಳಲಿಲ್ಲ.

ಈಗ ಗುಳಿಗೆಯ ವಿಷಯಕ್ಕೆ ಬರುತ್ತೇನೆ. "ದಿನಾ ಗುಳಿಗೆ ತಗೋತೀರಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಎದುರಿಗೆ ಡಾಕ್ಟರಮ್ಮ ಕೂತಿದ್ದಾಳೆ, ಪಕ್ಕದಲ್ಲಿ ಗುಳಿಗೆ ತಂದುಕೊಟ್ಟ ಆಶಾ ನಿಂತಿದ್ದಾಳೆ. ಇಲ್ಲ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೆ ಮೊದಲ ವಾರದ ಟ್ರಯಲ್ ಭೇಟಿಗಳಲ್ಲೇ ಗೈಡ್ ಜೊತೆ ಕೂತು ಕೇಳುವ ಬಗೆಯನ್ನು ಹೀಗೆ ಕಟ್ಟಿದೆವು. ಆಶಾ ಬಾಗಿಲ ತನಕ ಬಂದು ಪರಿಚಯ ಮಾಡಿಸಿ ಮುಂದಿನ ಮನೆಗೆ ಹೋಗುತ್ತಾರೆ. ಅವರಿಲ್ಲದೆ ಆ ಮನೆಯೊಳಗೆ ನನಗೆ ಕಾಲಿಡಲೂ ಆಗುತ್ತಿರಲಿಲ್ಲ. ಆದರೂ ಪ್ರಶ್ನೆ ಕೇಳುವಾಗ ಅವರು ಅಲ್ಲಿರುವುದು ಬೇಡ. ಕಾರಣವನ್ನು ಆಶಾಗಳ ಮೀಟಿಂಗ್‌ನಲ್ಲಿ ಮೊದಲೇ ಬಿಡಿಸಿ ಹೇಳಿದ್ದೆ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಆಮೇಲೆ ನಾನು ಶುರು ಮಾಡುತ್ತಿದ್ದುದು "ಈ ಗುಳಿಗಿ ಭಾಳ ಮಂದಿಗೆ ಆಗಿ ಬರಂಗಿಲ್ಲ, ನಿಮಗ ಹೆಂಗೈತಿ?" ಅಂತ. ಅಷ್ಟು ಹೇಳಿದರೆ ಸಾಕು, ಮಾತು ಬಿಚ್ಚುತ್ತದೆ. "ಹೊಟ್ಟ್ಯಾಗ ತೊಳಸತೈತ್ರಿ." "ಬಾಯಾಗ ಕಬ್ಬಿಣ ಇಟ್ಟಂಗ ಆಗತೈತಿ." "ಕೂಸು ದಪ್ಪ ಆದ್ರ ಹೆರಿಗಿ ಕಷ್ಟ ಅಂತಾರ್ರಿ." ಮಲ ಕಪ್ಪಗೆ ಹೋಗುವುದನ್ನು ನೋಡಿ ಹೆದರಿ ಬಿಟ್ಟವರೂ ಇದ್ದರು. ಕಬ್ಬಿಣಾಂಶ ತಗೊಂಡರೆ ಮಲ ಕಪ್ಪಗಾಗುವುದು ಸಹಜ, ಹೆದರುವಂಥದ್ದೇನಿಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ತಿಂಗಳ ಲೆಕ್ಕ ಕೇಳುವ ಬದಲು ನಿನ್ನೆ ನುಂಗಿದ್ರಾ, ಮೊನ್ನೆ ನುಂಗಿದ್ರಾ ಅಂತ ಒಂದು ವಾರ ಹಿಂದಕ್ಕೆ ಹೋಗುತ್ತಿದ್ದೆ. ಕೊನೆಗೆ ತಾಯಿ ಕಾರ್ಡ್ ಮತ್ತು ಗುಳಿಗೆ ಸ್ಟ್ರಿಪ್ ತೋರಿಸಲು ಕೇಳುತ್ತಿದ್ದೆ. ಸ್ಟ್ರಿಪ್ ಜೋಳದ ಡಬ್ಬಿಯ ಹಿಂದಿರುತ್ತದೆ, ಇಲ್ಲವೇ ದೇವರ ಫೋಟೋ ಪಕ್ಕದಲ್ಲಿ. ಕಾರ್ಡಿನಲ್ಲಿ ಬರೆದ ತಾರೀಕಿಂದ ಇವತ್ತಿನ ತನಕ ಎಷ್ಟು ಖಾಲಿ ಆಗಬೇಕಿತ್ತು, ಎಷ್ಟು ಉಳಿದಿದೆ ಅಂತ ಎಣಿಸಿದರೆ ಲೆಕ್ಕ ಸಿಗುತ್ತದೆ. ಬಾಯಿಮಾತಿನ ಉತ್ತರ, ಸ್ಟ್ರಿಪ್ಪಿನ ಲೆಕ್ಕ, ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದೆ. ಎರಡರ ನಡುವಿನ ಅಂತರವೇ ನನ್ನ ಥೀಸಿಸ್‌ನ ಜೀವ.

ಯಾವ ದಿನ ಬರುತ್ತೇನೆ ಅಂತ ಮುಂಚೆ ಹೇಳುತ್ತಿರಲಿಲ್ಲ. ಹೇಳಿದರೆ ಹಿಂದಿನ ರಾತ್ರಿ ಸ್ಟ್ರಿಪ್ ಖಾಲಿ ಆಗಿಬಿಡಬಹುದು.

ರಕ್ತದ ಹನಿ ತೆಗೆಯುವುದೂ ಕೈಕೆಲಸವೇ. ಹಿಮೋಗ್ಲೋಬಿನ್ ಅಳೆಯುವ ಹಳೆಯ ಸಾಹ್ಲಿ ವಿಧಾನದಲ್ಲಿ ಬಣ್ಣ ಹೊಂದಿಸುವುದು ಕಣ್ಣಳತೆ, ಒಬ್ಬರ ಕಣ್ಣಿಗೆ ಹತ್ತು ಕಂಡದ್ದು ಇನ್ನೊಬ್ಬರಿಗೆ ಹನ್ನೊಂದು. ಹಾಗಾಗಿ ಒಂದು ಹನಿ ರಕ್ತದಲ್ಲೇ ಅಂಕಿ ತೋರಿಸುವ ಹಿಮೋಕ್ಯೂ ಯಂತ್ರ ಬಳಸಿದೆ. ಅದರಲ್ಲೂ ಕೈ ತಪ್ಪಿದರೆ ಅಂಕಿ ತಪ್ಪುತ್ತದೆ. ನಡುಬೆರಳು ಅಥವಾ ಉಂಗುರ ಬೆರಳಿನ ತುದಿ, ಅದೂ ನಡುವಿಗಲ್ಲ, ಸ್ವಲ್ಪ ಪಕ್ಕಕ್ಕೆ ಚುಚ್ಚಬೇಕು. ಕೈ ತಣ್ಣಗಿದ್ದರೆ ಮೊದಲು ಉಜ್ಜಿ ಬೆಚ್ಚಗೆ ಮಾಡಬೇಕು. ಸ್ಪಿರಿಟ್ ಪೂರ್ತಿ ಒಣಗಲಿ. ಮೊದಲ ಎರಡು ಮೂರು ಹನಿ ಒರೆಸಿ ಬಿಡಬೇಕು. ರಕ್ತ ಬರಲಿಲ್ಲ ಅಂತ ಬೆರಳನ್ನು ಹಿಂಡಿದರೆ ಒಳಗಿನ ನೀರಿನಂಶ ಸೇರಿಕೊಂಡು ಹಿಮೋಗ್ಲೋಬಿನ್ ಕಮ್ಮಿ ತೋರಿಸುತ್ತದೆ. ಕ್ಯುವೆಟ್, ಅಂದರೆ ರಕ್ತದ ಹನಿ ಹೀರಿಕೊಳ್ಳುವ ಪುಟ್ಟ ಕೋಶ, ಒಂದೇ ಸಲಕ್ಕೆ ತುಂಬಬೇಕು. ಒಳಗೆ ಗುಳ್ಳೆ ಕಂಡರೆ ಅದನ್ನು ಎಸೆದು ಹೊಸದು ತಗೊಳ್ಳಬೇಕು. ದುಬಾರಿ ಅಂತ ಅದನ್ನೇ ಮೇಲಿಂದ ತುಂಬಿಸಲು ಹೋಗಬಾರದು. ರಾಯಚೂರಿನ ಬಿಸಿಲು ಗೊತ್ತಲ್ಲ, ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಯಂತ್ರ, ಕ್ಯುವೆಟ್ ಎರಡಕ್ಕೂ ಆ ಶಾಖ ಆಗಲ್ಲ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಮಾತ್ರ, ಅದೂ ಅಂಗನವಾಡಿಯ ಒಳಗೆ ನೆರಳಲ್ಲಿ ಇಟ್ಟುಕೊಂಡು ಮಾಡಿದೆ.

ಅಂಕಿ ಬಂದ ಕೂಡಲೇ ಅವರಿಗೆ ಹೇಳಬೇಕು. ಥೀಸಿಸ್‌ಗೆ ಬರೆದುಕೊಂಡು ಎದ್ದು ಬರುವುದಲ್ಲ. ಬಸುರಿಯ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಮ್ಮಿ ಇದ್ದರೆ ರಕ್ತಹೀನತೆ, 7ಕ್ಕಿಂತ ಕಮ್ಮಿ ಆದರೆ ಅಪಾಯ. ಒಂದು ಮನೆಯಲ್ಲಿ ಎಂಟು ತಿಂಗಳ ಬಸುರಿ ರೊಟ್ಟಿ ಬಡಿಯುತ್ತಾ ಕೂತಿದ್ದಳು. ಯಂತ್ರದಲ್ಲಿ 6.4 ಬಂತು. ಬೇರೆ ಬೆರಳಿಗೆ ಚುಚ್ಚಿ ಮತ್ತೆ ನೋಡಿದೆ, ಹೆಚ್ಚು ವ್ಯತ್ಯಾಸ ಇಲ್ಲ. "ಸುಸ್ತು ಅಂದ್ರ ಬಸುರ್ಯಾಗ ಇರೂದಲ್ರಿ ಅಕ್ಕಾ" ಅಂದಳು. ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿ, ಅವತ್ತೇ ತಾಲೂಕು ಆಸ್ಪತ್ರೆಗೆ ಕಳಿಸಿದೆವು. ಇಂಥವರು ಸಿಕ್ಕರೆ ಯಾರಿಗೆ ಫೋನ್ ಮಾಡಬೇಕು, ಗಾಡಿ ಎಲ್ಲಿಂದ ಬರಬೇಕು ಅನ್ನುವುದನ್ನು ಮೊದಲ ಮನೆಗೆ ಕಾಲಿಡುವ ಮುಂಚೆ ಮಾತಾಡಿ ಇಟ್ಟುಕೊಂಡಿರಬೇಕು. ಇದು ಇಲ್ಲದೆ ರಕ್ತ ನೋಡಲು ಹೋಗುವುದೇ ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಡೇಟಾ ಎಂಟ್ರಿಗೆ ಎಪಿ ಇನ್ಫೋ ಅನ್ನುವ ಸಾಫ್ಟ್‌ವೇರ್ ಬಳಸಿದೆ, ಆಗ ಪುಕ್ಕಟೆ ಸಿಗುತ್ತಿತ್ತು. ಪ್ರತಿದಿನ ಸಂಜೆಯೇ ಎಂಟ್ರಿ ಮುಗಿಸುವುದು ಒಳ್ಳೆಯದು, ಸಂಶಯ ಬಂದರೆ ಆ ಮನೆ ಇನ್ನೂ ನೆನಪಿರುತ್ತದೆ. ಪಿ ವ್ಯಾಲ್ಯೂ, ಟೇಬಲ್ಲು ಎಲ್ಲ ಗೈಡ್ ಮತ್ತು ಸ್ಟ್ಯಾಟಿಸ್ಟಿಷಿಯನ್ ಜೊತೆ ಕೂತರೆ ಆಗುತ್ತದೆ.

ನಾನು ಜಾಸ್ತಿ ಬೆಲೆ ಕೊಡುವುದು ಆಮೇಲಿನ ಒಂದು ಕೆಲಸಕ್ಕೆ. ಥೀಸಿಸ್ ಸಲ್ಲಿಸುವ ಮುಂಚೆಯೇ ಕಂಡದ್ದನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು ಪಿಎಚ್‌ಸಿಯ ಆಶಾ ಮೀಟಿಂಗ್‌ಗೆ ಒಯ್ದೆ. ಅದರಲ್ಲಿ ಅವರು ಹಿಡಿದುಕೊಂಡದ್ದು ಒಂದು ಸಾಲನ್ನು: ಎಷ್ಟೋ ಬಸುರಿಯರು ಕ್ಯಾಲ್ಸಿಯಂ ಗುಳಿಗೆ, ಕಬ್ಬಿಣಾಂಶದ ಗುಳಿಗೆ ಎರಡನ್ನೂ ಒಟ್ಟಿಗೇ ನುಂಗುತ್ತಿದ್ದರು, ಅದೂ ಬೆಳಗಿನ ಚಹಾದ ಜೊತೆ. ಹಾಗೆ ನುಂಗಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲ್ಲ. "ನಾವೂ ಹಂಗೇ ಕೊಟ್ಟು ಬರ್ತೀವ್ರಿ ಮೇಡಂ, ಎರಡೂ ಒಂದೇ ಚೀಲದಾಗ" ಅಂದರು ಒಬ್ಬ ಆಶಾ. ಅಲ್ಲೇ ಕೂತು ಮಾತಾಡಿದೆವು. ಕ್ಯಾಲ್ಸಿಯಂ ಊಟದ ಜೊತೆ ಹಗಲು, ಕಬ್ಬಿಣಾಂಶದ ಕೆಂಪು ಗುಳಿಗೆ ರಾತ್ರಿ ಊಟ ಆಗಿ ಸ್ವಲ್ಪ ಹೊತ್ತು ಬಿಟ್ಟು ಮಲಗುವ ಮುಂಚೆ. ಮಲಗಿಬಿಟ್ಟರೆ ಹೊಟ್ಟೆ ತೊಳಸುವುದೂ ಅಷ್ಟು ಗೊತ್ತಾಗಲ್ಲ. ಮರುದಿನದಿಂದ ಅವರು ಎರಡನ್ನೂ ಬೇರೆ ಬೇರೆ ಕವರಿಗೆ ಹಾಕಿ, ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರನ ಚಿತ್ರ ಬರೆದು ಕೊಡಲು ಶುರು ಮಾಡಿದರು.