ಜೋಗ ಬಂದ ಕೂಡಲೇ ನಿಂತುಹೋಗುತ್ತಿದ್ದ ಡಿವಿಡಿ

"ಜೋಗ ಬಂದ ಕೂಡ್ಲೆ ನಿಂತು ಹೋಗ್ತದೆ ಮಾರಾಯ" ಅಂತ ಅಮ್ಮ ಸಾಗರದಿಂದ ಫೋನ್ ಮಾಡಿದಳು. ಡಿಸ್ಕ್ ಒರೆಸಿ ಹಾಕಮ್ಮ ಅಂದೆ. ಒರೆಸಿ ಹಾಕಿದಳು. ಮತ್ತೆ ಅಲ್ಲೇ ನಿಂತಿತು. ಜಲಪಾತ ಕಾಣುತ್ತದೆ, ಎರಡು ಸೆಕೆಂಡ್ ನೀರು ಬೀಳುತ್ತದೆ, ಆಮೇಲೆ ಚಿತ್ರ ಹಾಗೇ ಗಟ್ಟಿಯಾಗಿ ನಿಂತುಬಿಡುತ್ತದೆ. ಬೆಂಗಳೂರಿನಲ್ಲಿ ನನ್ನ ಕಂಪ್ಯೂಟರ್‌ನಲ್ಲಿ ಅದೇ ಡಿಸ್ಕ್ ಪೂರ್ತಿ ಓಡಿಸಿ ನೋಡಿಯೇ ನಾನು ಕಳಿಸಿದ್ದು.

ನಮ್ಮ ಮನೆಯಲ್ಲಿ 2004ರಿಂದ 2008ರವರೆಗೆ ತೆಗೆದ ಹದಿನಾಲ್ಕು ಮಿನಿ ಡಿವಿ (ವಿಡಿಯೋ ಕ್ಯಾಮೆರಾದ ಪುಟ್ಟ ಡಿಜಿಟಲ್ ಟೇಪ್) ಕ್ಯಾಸೆಟ್ ಇದ್ದವು. ಅವನ್ನೇ ಡಿವಿಡಿ ಮಾಡಲು ಹೊರಟಿದ್ದೆ. ಅಕ್ಕನ ಮದುವೆ, ಮಗಳ ನಾಮಕರಣ, ಊರ ಜಾತ್ರೆ, ಮಳೆಗಾಲದ ಜೋಗ. ಎಲ್ಲಕ್ಕಿಂತ ಮುಖ್ಯವಾಗಿ ಅಜ್ಜಿ ಜಗಲಿಯಲ್ಲಿ ಕೂತು ಹಸೆ ಹಾಡು ಹೇಳುವ ಇಪ್ಪತ್ತು ನಿಮಿಷ. ಅಜ್ಜಿ ಈಗ ಇಲ್ಲ. ಆ ದನಿ ಆ ಕ್ಯಾಸೆಟ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಈ ಕಾಲದಲ್ಲಿ ಡಿವಿಡಿ ಯಾಕೆ ಅಂತ ಕೇಳಬಹುದು. ಅಮ್ಮನ ಮನೆಯಲ್ಲಿ ಇನ್ನೂ ಆ ದಪ್ಪ ಟಿವಿ ಇದೆ, ಜೊತೆಗೆ ಒಂದು ಹಳೇ ಡಿವಿಡಿ ಪ್ಲೇಯರ್. ಅದರ ರಿಮೋಟ್ ಅವಳಿಗೆ ಗೊತ್ತು. ಇಂಟರ್‌ನೆಟ್ ಮಳೆ ಬಂದರೆ ಹೋಗುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಯಾರನ್ನೂ ಕೇಳದೆ ತಾನೇ ಡಿಸ್ಕ್ ಹಾಕಿ ನೋಡಬೇಕು, ಅಷ್ಟೇ ಅವಳ ಆಸೆ. ಹಾಗಾಗಿ ಡಿವಿಡಿ.

ಮೊದಲನೇ ಕೆಲಸ ಕ್ಯಾಸೆಟ್‌ನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸುವುದು. ಇದಕ್ಕೆ ಫೈರ್‌ವೈರ್ ಬೇಕು, ಅಂದರೆ ಕ್ಯಾಮೆರಾ ಮತ್ತು ಕಂಪ್ಯೂಟರ್ ಜೋಡಿಸುವ ಒಂದು ಹಳೇ ಬಗೆಯ ಕೇಬಲ್ ಸಂಪರ್ಕ. ಕ್ಯಾಮೆರಾದಲ್ಲಿ ಯುಎಸ್‌ಬಿ ತೂತು ಇದೆಯಲ್ಲ, ಅದರಿಂದ ಆಗುತ್ತದೆ ಅಂದುಕೊಂಡು ನಾನು ಒಂದು ಇಡೀ ಭಾನುವಾರ ಕಳೆದೆ. ಆ ತೂತು ನನ್ನ ಕ್ಯಾಮೆರಾದಲ್ಲಿ ಇದ್ದದ್ದು ಮೆಮೊರಿ ಕಾರ್ಡಿನ ಫೋಟೋಗಳಿಗೆ ಮಾತ್ರ. ಆ ಕಾಲದ ಬಹಳಷ್ಟು ಕ್ಯಾಮೆರಾಗಳದ್ದು ಇದೇ ಕಥೆ. ಕೊನೆಗೆ ಹಳೇ ಡೆಸ್ಕ್‌ಟಾಪ್ ಒಂದನ್ನು ಅಟ್ಟದಿಂದ ಇಳಿಸಿ, ಅದಕ್ಕೆ ಫೈರ್‌ವೈರ್ ಕಾರ್ಡ್ ಹಾಕಿಸಿದೆ. ವಿಂಡೋಸ್ 7ರಲ್ಲಿ ಕ್ಯಾಮೆರಾ ಕಾಣದೆ ಸತಾಯಿಸಿದರೆ, ಡಿವೈಸ್ ಮ್ಯಾನೇಜರ್‌ಗೆ ಹೋಗಿ ಆ ಕಾರ್ಡಿನ ಡ್ರೈವರನ್ನು 'ಲೆಗಸಿ' ಅಂತ ಇರುವುದಕ್ಕೆ ಬದಲಾಯಿಸಿ ನೋಡಿ. ನನಗೆ ಅದರಿಂದಲೇ ಕೆಲಸ ಆಯಿತು.

ಒಂದು ಗಂಟೆಯ ಕ್ಯಾಸೆಟ್ ಸುಮಾರು 13 ಜಿಬಿ ಆಗುತ್ತದೆ. ಇಳಿಸಲು ಬಳಸಿದ್ದು ವಿನ್‌ಡಿವಿ ಅನ್ನುವ ಪುಟ್ಟ ತಂತ್ರಾಂಶ. ಎಷ್ಟು ಫ್ರೇಮ್ (ವಿಡಿಯೋದ ಒಂದೊಂದು ಚಿತ್ರ) ಬಿಟ್ಟುಹೋಯಿತು ಅಂತ ಅದೇ ಲೆಕ್ಕ ತೋರಿಸುತ್ತದೆ. ಆ ಲೆಕ್ಕ ಸೊನ್ನೆ ಇರಬೇಕು. ಇಳಿಸುವಾಗ ಆಂಟಿವೈರಸ್, ಬ್ರೌಸರ್ ಎಲ್ಲ ಮುಚ್ಚಿ, ಕಂಪ್ಯೂಟರನ್ನು ಅದರ ಪಾಡಿಗೆ ಬಿಡಿ. ಇಲ್ಲಿ ಬಿಟ್ಟುಹೋದ ಫ್ರೇಮ್ ಮುಂದೆ ಎಲ್ಲೂ ವಾಪಸ್ ಸಿಗುವುದಿಲ್ಲ.

ಈಗ ಜೋಗದ ವಿಷಯಕ್ಕೆ ಬರುತ್ತೇನೆ.

ಡಿಸ್ಕ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಬರ್ನ್ ಮಾಡಿ ಕಳಿಸಿದೆ. ಅದೂ ನಿಂತಿತು. ಬರ್ನ್ ಮಾಡುವ ವೇಗ ಇಳಿಸಿ ಮೂರನೆಯದು ಮಾಡಿದೆ. ಅದೂ ಅಷ್ಟೆ. ಮೂರು ಡಿಸ್ಕ್, ಮೂರು ಕೊರಿಯರ್. ಆಮೇಲೆ ಸಾಗರದಲ್ಲಿ ಮದುವೆ ವಿಡಿಯೋ ಮಾಡುವ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಮೂರೂ ಡಿಸ್ಕ್ ಒಂದೇ ಜಾಗದಲ್ಲಿ ನಿಲ್ತದಾ, ಬೇರೆ ಬೇರೆ ಜಾಗದಲ್ಲಾ?"

ಒಂದೇ ಜಾಗದಲ್ಲಿ. ಹಾಗಾದರೆ ಡಿಸ್ಕಿನ ತಪ್ಪಲ್ಲ, ಅದರ ಒಳಗೆ ಹಾಕಿದ ಫೈಲಿನ ತಪ್ಪು ಅಂದ. ಡಿಸ್ಕ್ ಕೆಟ್ಟಿದ್ದರೆ ಪ್ರತಿ ಡಿಸ್ಕ್ ಬೇರೆ ಬೇರೆ ಕಡೆ ತಡವರಿಸಬೇಕು ಅಲ್ವಾ? ಮೂರು ಡಿಸ್ಕೂ ಜೋಗದ ನೀರಿನ ಹತ್ತಿರವೇ ಕೆಡಲು ಸಾಧ್ಯವಿಲ್ಲ. ಈ ಒಂದು ಪ್ರಶ್ನೆ ನನಗೆ ಮೊದಲೇ ಹೊಳೆದಿದ್ದರೆ ಎಷ್ಟೋ ದಿನ ಉಳಿಯುತ್ತಿತ್ತು. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತಪ್ಪು ಎಲ್ಲಿತ್ತು ಅಂದರೆ ನಾನು ತಂತ್ರಾಂಶದಲ್ಲಿ 'ಅತ್ಯುತ್ತಮ ಗುಣಮಟ್ಟ' ಅಂತ ಆರಿಸಿದ್ದರಲ್ಲಿ. ಅದು ವಿಡಿಯೋವನ್ನು ಸೆಕೆಂಡಿಗೆ 9 ಮೆಗಾಬಿಟ್‌ಗಿಂತ ಮೇಲಕ್ಕೆ ಏರಲು ಬಿಟ್ಟಿತ್ತು. ಧ್ವನಿಯನ್ನು ಕುಗ್ಗಿಸದೆ ಪಿಸಿಎಂ ಆಗಿಯೇ ಇಟ್ಟಿತ್ತು, ಅದೊಂದೇ ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ತಿನ್ನುತ್ತದೆ. ಡಿವಿಡಿ ನಿಯಮದ ಪ್ರಕಾರ ವಿಡಿಯೋ ಒಂದೇ 9.8 ದಾಟಬಾರದು, ವಿಡಿಯೋ ಧ್ವನಿ ಎಲ್ಲ ಸೇರಿ 10.08 ಮೆಗಾಬಿಟ್ ದಾಟಬಾರದು. ನನ್ನದು ದಾಟಿತ್ತು. ಆದರೆ ಎಲ್ಲ ಕಡೆ ಅಲ್ಲ. ಡಿವಿಡಿಗೆ ವಿಡಿಯೋ ಕುಗ್ಗಿಸುವ ವಿಧಾನವಾದ ಎಂಪೆಗ್-2 ಕೆಲಸ ಮಾಡುವುದು ಒಂದು ಫ್ರೇಮಿಗೂ ಮುಂದಿನದಕ್ಕೂ ಏನು ಬದಲಾಯಿತು ಅನ್ನುವುದನ್ನು ಬರೆದಿಡುತ್ತಾ. ಅಜ್ಜಿ ಕೂತು ಹಾಡುವಾಗ ಬದಲಾಗುವುದು ತುಟಿ, ಕೈ ಅಷ್ಟೇ. ಜೋಗದಲ್ಲಿ ಪರದೆ ತುಂಬಾ ನೀರು, ಪ್ರತಿ ಹನಿಯೂ ಪ್ರತಿ ಫ್ರೇಮಿಗೂ ಜಾಗ ಬದಲಿಸುತ್ತದೆ, ಮೇಲಿಂದ ಮಂಜು ಬೇರೆ. ಅಲ್ಲಿ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಅನ್ನುವ ಲೆಕ್ಕ) ಮಿತಿ ದಾಟಿ ಹೋಗುತ್ತಿತ್ತು, ಹಳೇ ಪ್ಲೇಯರ್ ಅಷ್ಟು ವೇಗದಲ್ಲಿ ಓದಲಾರದೆ ನಿಂತುಬಿಡುತ್ತಿತ್ತು. ಮದುವೆಯ ಡಿಸ್ಕ್‌ನಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ಸರಿಯಾಗಿ ತಡವರಿಸಿದ್ದೂ ಇದೇ ಕಾರಣಕ್ಕೆ. ನನ್ನ ಕಂಪ್ಯೂಟರಿಗೆ ಈ ಮಿತಿ ಒಂದು ಲೆಕ್ಕವೇ ಅಲ್ಲ, ಅದಕ್ಕೇ ಅಲ್ಲಿ ಚೆನ್ನಾಗಿ ಓಡಿತ್ತು. ಕಂಪ್ಯೂಟರಿನಲ್ಲಿ ವಿಡಿಯೋ ಓಡಿಸುವ ವಿಎಲ್‌ಸಿ ಅಂಥ ತಂತ್ರಾಂಶ ಏನು ಕೊಟ್ಟರೂ ಓಡಿಸುತ್ತದೆ. ಅದರಲ್ಲಿ ಓಡಿತು ಅಂದ ಮಾತ್ರಕ್ಕೆ ಮನೆಯ ಡಿವಿಡಿ ಪ್ಲೇಯರ್‌ನಲ್ಲೂ ಓಡುತ್ತದೆ ಅಂತ ನಂಬಬೇಡಿ.

ಪರಿಹಾರ ಸುಲಭ. ಸರಾಸರಿ 6 ಮೆಗಾಬಿಟ್, ಗರಿಷ್ಠ 8 ಮೆಗಾಬಿಟ್ ಅಂತ ಇಟ್ಟೆ. ಧ್ವನಿಯನ್ನು ಎಸಿ-3 ಅನ್ನುವ ಕುಗ್ಗಿಸಿದ ರೂಪಕ್ಕೆ ತಂದು ಸೆಕೆಂಡಿಗೆ 256 ಕಿಲೋಬಿಟ್‌ಗೆ ಇಳಿಸಿದೆ. ಅಮ್ಮನ ಟಿವಿಯಲ್ಲಿ ಚಿತ್ರದ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲಿಲ್ಲ. ಜೋಗ ಪೂರ್ತಿ ಓಡಿತು.

ಆದರೆ ಜಾತ್ರೆಯ ಡಿಸ್ಕ್ ಬೇರೆ ಥರ ಕೈ ಕೊಟ್ಟಿತು. ಒಂದೂವರೆ ಗಂಟೆ ಚೆನ್ನಾಗಿ ಓಡಿ ಆಮೇಲೆ ಚೌಕ ಚೌಕ ಕಾಣಿಸಿ ನಿಲ್ಲುತ್ತಿತ್ತು. ಗೆಳೆಯನ ಪ್ರಶ್ನೆ ನೆನಪಿಟ್ಟುಕೊಂಡು ಎರಡು ಪ್ರತಿ ಮಾಡಿ ನೋಡಿದೆ. ಒಂದು 92ನೇ ನಿಮಿಷಕ್ಕೆ ನಿಂತಿತು, ಇನ್ನೊಂದು 104ಕ್ಕೆ. ಅಂದರೆ ಈ ಸಲ ಡಿಸ್ಕಿನದೇ ತಪ್ಪು. ಉಳಿತಾಯ ಆಗಲಿ ಅಂತ ಬಿಟ್‌ರೇಟ್ ಇನ್ನೂ ಇಳಿಸಿ ಎರಡು ಕ್ಯಾಸೆಟ್ ಒಂದೇ ಡಿಸ್ಕಿಗೆ ಹಾಕಿ ಅಂಚಿನವರೆಗೆ ತುಂಬಿಸಿದ್ದೆ. ಡಿವಿಡಿ ಒಳಗಿನಿಂದ ಶುರುವಾಗಿ ಹೊರಗಿನ ಅಂಚಿನ ಕಡೆಗೆ ಓಡುತ್ತದೆ. ಅಗ್ಗದ ಡಿಸ್ಕ್‌ಗಳಲ್ಲಿ ಮೊದಲು ಕೆಡುವುದು ಆ ಅಂಚೇ. ಜೊತೆಗೆ ಗಡಿಬಿಡಿಯಲ್ಲಿ 16ಎಕ್ಸ್ (ಮೂಲ ವೇಗದ ಹದಿನಾರು ಪಟ್ಟು) ವೇಗದಲ್ಲಿ ಬರ್ನ್ ಮಾಡಿದ್ದೆ. ಅದರ ಮೇಲೆ ಚಂದ ಕಾಣಲಿ ಅಂತ ಪ್ರಿಂಟ್ ಮಾಡಿದ ಕಾಗದದ ಲೇಬಲ್ ಅಂಟಿಸಿದ್ದೆ. ಲೇಬಲ್ ಒಂದು ಕೂದಲೆಳೆಯಷ್ಟು ಓರೆಯಾದರೂ ಡಿಸ್ಕ್ ತಿರುಗುವಾಗ ಅಲ್ಲಾಡುತ್ತದೆ, ಪ್ಲೇಯರ್ ಬಿಸಿಯಾದ ಮೇಲೆ ಕಾಗದ ಸೆಟೆದುಕೊಂಡು ಇನ್ನೂ ಜಾಸ್ತಿ ಆಗುತ್ತದೆ. ಅಂಟಿಸಿದ ಲೇಬಲ್ ಕೀಳಲು ಮಾತ್ರ ಹೋಗಬೇಡಿ, ಕೆಳಗಿನ ಪದರವೂ ಕಿತ್ತು ಬರಬಹುದು.

ಅಲ್ಲಿಂದ ನಾನು ಒಂದು ಕ್ಯಾಸೆಟ್‌ಗೆ ಒಂದು ಡಿಸ್ಕ್ ಅಂತ ಇಟ್ಟುಕೊಂಡೆ. ಒಂದು ಗಂಟೆಗೆ ಮೇಲೆ ಹೇಳಿದ ಲೆಕ್ಕದಲ್ಲಿ 2.8 ಜಿಬಿ ಆಗುತ್ತದೆ, 4.7 ಜಿಬಿ ಡಿಸ್ಕ್‌ನಲ್ಲಿ ಅಂಚು ಖಾಲಿ ಉಳಿಯುತ್ತದೆ. ಖಾಲಿ ಬಿಟ್ಟ ಆ ಜಾಗ ವ್ಯರ್ಥ ಅಲ್ಲ. 16ಎಕ್ಸ್ ಡಿಸ್ಕನ್ನು 8ಎಕ್ಸ್‌ನಲ್ಲಿ ಬರ್ನ್ ಮಾಡುತ್ತೇನೆ. ತೀರಾ ನಿಧಾನ ಮಾಡಿದರೆ ಇನ್ನೂ ಒಳ್ಳೆಯದು ಅಂತ ಹೇಳುವವರಿದ್ದಾರೆ, ನನಗೆ ಹಾಗೇನೂ ಕಾಣಲಿಲ್ಲ. ಇಮ್ಗ್‌ಬರ್ನ್ ಅನ್ನುವ ಬರ್ನ್ ಮಾಡುವ ತಂತ್ರಾಂಶದಲ್ಲಿ, ಬರ್ನ್ ಆದ ಮೇಲೆ 'ವೆರಿಫೈ', ಅಂದರೆ ಬರೆದದ್ದನ್ನು ಮತ್ತೆ ಓದಿ ನೋಡುವುದನ್ನು, ತಪ್ಪದೆ ಮಾಡಿಸುತ್ತೇನೆ. ಹೆಸರು ಬರೆಯುವುದು ಮಾರ್ಕರ್‌ನಲ್ಲಿ, ನಡುವಿನ ತೂತಿನ ಸುತ್ತ ಮಾತ್ರ.

ಮೂರನೆಯ ತೊಂದರೆಯನ್ನು ಅಮ್ಮನೇ ಚೆನ್ನಾಗಿ ಹೇಳಿದಳು: "ಎಲ್ಲರೂ ಚಳಿ ಹಿಡಿದವರ ಹಾಗೆ ನಡುಗ್ತಾರಲ್ಲೋ." ನಿಂತವರು ಸರಿ ಕಾಣುತ್ತಾರೆ, ನಡೆಯುವವರು, ಕೈ ಬೀಸುವವರು ಮಾತ್ರ ಹಿಂದೆ ಮುಂದೆ ಅದುರುತ್ತಾರೆ. ಇದು ಫೀಲ್ಡ್ ಆರ್ಡರ್ ತಪ್ಪಿದ ಗುರುತು. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮ್ ಫೀಲ್ಡ್ ಅನ್ನುವ ಎರಡು ಅರ್ಧಗಳಾಗಿ ಇರುತ್ತದೆ, ಬೆಸ ಗೆರೆಗಳು ಒಂದು ಸಲ, ಸಮ ಗೆರೆಗಳು ಇನ್ನೊಂದು ಸಲ. ಡಿವಿ ಕ್ಯಾಸೆಟ್‌ನಲ್ಲಿ ಕೆಳಗಿನ ಫೀಲ್ಡ್ ಮೊದಲು. ನನ್ನ ತಂತ್ರಾಂಶ ಮೇಲಿನದು ಮೊದಲು ಅಂದುಕೊಂಡು ಪರಿವರ್ತನೆ ಮಾಡಿತ್ತು. ಹಾಗಾಗಿ ಕಾಲ ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಕಂಪ್ಯೂಟರ್ ಪರದೆ ಎರಡೂ ಫೀಲ್ಡನ್ನು ಒಟ್ಟಿಗೆ ತೋರಿಸುವುದರಿಂದ ನನಗೆ ಅದು ಕಂಡೇ ಇರಲಿಲ್ಲ. ದಪ್ಪ ಟಿವಿಯಲ್ಲಿ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. 'ಬಾಟಮ್ ಫೀಲ್ಡ್ ಫಸ್ಟ್' ಅಂತ ಒಂದು ಗುರುತು ಬದಲಾಯಿಸಿ ಮತ್ತೆ ಪರಿವರ್ತನೆ ಮಾಡಿದೆ, ನಡುಕ ಹೋಯಿತು.

ಅಜ್ಜಿಯ ಹಾಡಿನ ಕ್ಯಾಸೆಟ್‌ನಲ್ಲಿ ಬಂದ ತೊಂದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಟ್ಟಿತು. ಮೊದಲ ಅರ್ಧ ಗಂಟೆ ಸರಿ ಇತ್ತು. ಹಾಡು ಶುರುವಾಗುವ ಹೊತ್ತಿಗೆ ದನಿ ಒಡೆದು, ಅಜ್ಜಿಯದೇ ಅಲ್ಲ ಅನ್ನಿಸುವ ಹಾಗೆ ಕೇಳುತ್ತಿತ್ತು. ಕ್ಯಾಸೆಟ್ಟೇ ಹೋಯಿತು ಅಂದುಕೊಂಡು ಒಂದು ವಾರ ಅದನ್ನು ಮುಟ್ಟಲಿಲ್ಲ. ಆಮೇಲೆ ಕ್ಯಾಮೆರಾಕ್ಕೆ ಹೆಡ್‌ಫೋನ್ ಹಾಕಿ ನೇರವಾಗಿ ಕೇಳಿದೆ. ದನಿ ಚೆನ್ನಾಗಿಯೇ ಇತ್ತು! ಮಿನಿ ಡಿವಿಯಲ್ಲಿ ಧ್ವನಿಗೆ ಎರಡು ಬಗೆ ಇದೆ: 12 ಬಿಟ್ ಇಟ್ಟರೆ 32 ಕಿಲೋಹರ್ಟ್ಸ್, 16 ಬಿಟ್ ಇಟ್ಟರೆ 48. ಮೊದಲ ಭಾಗ ತೆಗೆದವನು ನಾನು, ಹಾಡು ತೆಗೆದದ್ದು ಅಕ್ಕ, ನಡುವೆ ಯಾರೋ ಮೆನುವಿನಲ್ಲಿ ಅದನ್ನು ಬದಲಾಯಿಸಿದ್ದೆವು. ಇಡೀ ಕ್ಯಾಸೆಟ್ ಒಂದೇ ಫೈಲ್ ಆಗಿ ಇಳಿಸಿದಾಗ ಶುರುವಿನ ಲೆಕ್ಕವನ್ನೇ ಕೊನೆಯವರೆಗೆ ಹಿಡಿದುಕೊಂಡು ಹೋಗಿತ್ತು. ವಿನ್‌ಡಿವಿಯಲ್ಲಿ, ಶೂಟಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಿದ ಪ್ರತಿ ಕಡೆಯೂ ಹೊಸ ಫೈಲ್ ಮಾಡುವ ಸೌಲಭ್ಯ ಇದೆ. ಹಾಗೆ ತುಂಡು ತುಂಡಾಗಿ ಇಳಿಸಿ, ಪ್ರತಿ ತುಂಡಿನ ಧ್ವನಿಯನ್ನು ಡಿವಿಡಿಗೆ ಬೇಕಾದ 48ಕ್ಕೆ ಬದಲಾಯಿಸಿ, ಆಮೇಲೆ ಜೋಡಿಸಿದೆ. ಅಜ್ಜಿಯ ದನಿ ಅಜ್ಜಿಯದಾಗಿ ವಾಪಸ್ ಬಂತು. ಆ ರಾತ್ರಿ ನಾನು ಇಪ್ಪತ್ತು ನಿಮಿಷವನ್ನೂ ಎರಡು ಸಲ ಕೇಳಿದೆ.

ಕ್ಯಾಸೆಟ್ ಬಗ್ಗೆ ಒಂದು ಮಾತು. ಮಲೆನಾಡಿನ ಥಂಡಿಗೆ ಟೇಪಿನ ಮೇಲೆ ಬಿಳಿ ಬೂಷ್ಟು ಬರುತ್ತದೆ. ಕ್ಯಾಸೆಟ್‌ನ ಪುಟ್ಟ ಕಿಟಕಿಯಲ್ಲಿ ಬಿಳಿ ಚುಕ್ಕೆ ಕಂಡರೆ ಅದನ್ನು ಕ್ಯಾಮೆರಾಕ್ಕೆ ಹಾಕಬೇಡಿ, ಟೇಪ್ ಓದುವ ಹೆಡ್ ಹಾಳಾಗುತ್ತದೆ, ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ನನ್ನ ಎರಡು ಕ್ಯಾಸೆಟ್ ಹಾಗಿದ್ದವು, ಅವನ್ನು ಶುಚಿ ಮಾಡುವವರ ಹತ್ತಿರ ಕೊಟ್ಟೆ. ಉಳಿದವುಗಳಲ್ಲಿ ಅಡ್ಡ ಪಟ್ಟಿಯಾಗಿ ಚೌಕಗಳು ಕಾಣುತ್ತಿದ್ದವು, ಹೆಡ್ ಕ್ಲೀನರ್ ಕ್ಯಾಸೆಟ್ ಹತ್ತು ಸೆಕೆಂಡ್ ಓಡಿಸಿದ ಮೇಲೆ ಸರಿಯಾಯಿತು. ಎಲ್‌ಪಿ (ಟೇಪ್ ನಿಧಾನ ಓಡಿಸಿ ಹೆಚ್ಚು ಹೊತ್ತು ತುಂಬಿಸುವ ಬಗೆ) ಇಟ್ಟು ತೆಗೆದ ಕ್ಯಾಸೆಟ್ ಇದ್ದರೆ ತೆಗೆದ ಕ್ಯಾಮೆರಾದಲ್ಲೇ ಓಡಿಸಲು ನೋಡಿ, ಬೇರೆಯದರಲ್ಲಿ ಬಹಳ ಸಲ ಸರಿಯಾಗಿ ಓಡುವುದಿಲ್ಲ.

ಚಿಕ್ಕಮ್ಮನ ಮನೆಗೆ ಕೊಟ್ಟ ಪ್ರತಿ ಅವರ ಪ್ಲೇಯರ್‌ಗೆ ಕಾಣಲೇ ಇಲ್ಲ, 'ನೋ ಡಿಸ್ಕ್' ಅಂತ ಬಂತು. ಅದು ಡಿವಿಡಿ ಪ್ಲಸ್ ಆರ್ (DVD+R) ಡಿಸ್ಕ್. ಬರೆಯುವ ಖಾಲಿ ಡಿಸ್ಕ್‌ಗಳಲ್ಲಿ ಪ್ಲಸ್, ಮೈನಸ್ ಅಂತ ಎರಡು ಬಗೆ. ಡಿವಿಡಿ ಮೈನಸ್ ಆರ್‌ನಲ್ಲಿ ಮಾಡಿಕೊಟ್ಟೆ, ಓಡಿತು. ಪ್ಲಸ್ ಡಿಸ್ಕ್ ಮಾತ್ರ ಇದ್ದರೆ, ಕೆಲವು ರೈಟರ್‌ಗಳಲ್ಲಿ 'ಬುಕ್ ಟೈಪ್' (ಇದು ಯಾವ ಬಗೆಯ ಡಿಸ್ಕ್ ಅಂತ ಡಿಸ್ಕಿನಲ್ಲೇ ಇರುವ ಗುರುತು) ಅನ್ನು ಡಿವಿಡಿ-ರೋಮ್ (DVD-ROM) ಅಂತ, ಅಂದರೆ ಅಂಗಡಿಯ ಸಿನಿಮಾ ಡಿಸ್ಕಿನ ಹಾಗೆ, ಬರೆಸಬಹುದು. ಆಗ ಹಳೇ ಪ್ಲೇಯರ್‌ಗಳೂ ಒಪ್ಪಿಕೊಳ್ಳುತ್ತವೆ. ಮತ್ತೆ ಮತ್ತೆ ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕ್ ಪ್ರಯೋಗಕ್ಕೆ ಒಳ್ಳೆಯದು, ಆದರೆ ಅದರ ಹೊಳಪು ಕಡಿಮೆ, ಹಳೇ ಪ್ಲೇಯರ್ ಅದನ್ನು ಓದದಿದ್ದರೆ ನಿಮ್ಮ ಫೈಲ್ ಸರಿ ಇಲ್ಲ ಅಂತ ಅರ್ಥ ಅಲ್ಲ.

ಈಗ ಹನ್ನೆರಡು ಡಿಸ್ಕ್ ಅಮ್ಮನ ಟಿವಿಯ ಕೆಳಗಿನ ಡ್ರಾಯರ್‌ನಲ್ಲಿವೆ. ಕ್ಯಾಸೆಟ್‌ನಿಂದ ಇಳಿಸಿದ ಮೂಲ ಫೈಲುಗಳನ್ನು ಅಳಿಸದೆ ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿದ್ದೇನೆ. ಅಮೆರಿಕದಲ್ಲಿರುವ ಅಕ್ಕ ತನಗೂ ಮದುವೆಯ ಡಿಸ್ಕ್ ಬೇಕು ಅಂದಳು. ಕಳಿಸಿದ್ದು ಅವಳ ಪ್ಲೇಯರ್‌ನಲ್ಲಿ ಓಡಲಿಲ್ಲ. ರೀಜನ್ ಕೋಡ್ (ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡದ ಹಾಗೆ ಹಾಕುವ ಗುರುತು) ತೊಂದರೆ ಅಂತ ಭಾವ ಹೇಳಿದರು, ಆದರೆ ಮನೆಯಲ್ಲಿ ಮಾಡಿದ ಡಿಸ್ಕ್‌ಗೆ ನಾವು ರೀಜನ್ ಹಾಕಿಯೇ ಇರುವುದಿಲ್ಲ. ನಮ್ಮದು ಪಾಲ್, 576 ಗೆರೆ. ಅಲ್ಲಿಯದು ಎನ್‌ಟಿಎಸ್‌ಸಿ, 480 ಗೆರೆ, ಸೆಕೆಂಡಿಗೆ 29.97 ಫ್ರೇಮ್. ಅಲ್ಲಿನ ಎಷ್ಟೋ ಪ್ಲೇಯರ್‌ಗಳು ಪಾಲ್ ಓಡಿಸುವುದಿಲ್ಲ. ಅದೇ ಡಿಸ್ಕನ್ನು ಲ್ಯಾಪ್‌ಟಾಪ್‌ಗೆ ಹಾಕು ಅಂದೆ. ಹಾಕಿದಳು. ಅಕ್ಷತೆಯ ಹೊತ್ತಿಗೆ ವಿಡಿಯೋ ಕಾಲ್‌ನಲ್ಲೇ ನನಗೂ ತೋರಿಸಿದಳು, ಎಲ್ಲೂ ತಡವರಿಸಲಿಲ್ಲ.