ತಪ್ಪುಗಳ ನೋಟ್‌ಬುಕ್

ಏಳನೆಯ ತರಗತಿಯ ಹುಡುಗನೊಬ್ಬ ‘ಬಕೆಟ್’ ಎಂಬ ಪದವನ್ನು ಐದು ಸಲ ಬರೆಯುತ್ತಿದ್ದ. ನಾನು ಅವನ ಬೆನ್ನ ಹಿಂದೆ ನಿಂತು ನೋಡಿದೆ. ಮೊದಲು ಮೇಲಿನಿಂದ ಕೆಳಕ್ಕೆ ಐದು ‘ಬಿ’ ಬರೆದ. ಆಮೇಲೆ ಪಕ್ಕದಲ್ಲಿ ಐದು ‘ಯು’, ಅದರ ಪಕ್ಕದಲ್ಲಿ ಐದು ‘ಸಿ’. ಹೀಗೆ ಆರು ಅಕ್ಷರಗಳ ಆರು ಕಂಬಗಳು ಎದ್ದು ನಿಂತವು. ಪದವನ್ನು ಮಾತ್ರ ಅವನು ಒಮ್ಮೆಯೂ ಓದಲಿಲ್ಲ. ದಿನಕ್ಕೆ ಹತ್ತು ಪದ, ಒಂದೊಂದೂ ಐದು ಸಲ ಎಂದು ಮನೆಗೆಲಸ ಕೊಟ್ಟವಳು ನಾನೇ. ಎರಡು ವರ್ಷ ಆ ಕಂಬಗಳ ಕೆಳಗೆ ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತಾ ಬಂದಿದ್ದೆ.

ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ಇಂಗ್ಲಿಷ್ ಕಲಿಸುತ್ತೇನೆ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಎಂದರೆ ನನ್ನ ಕೈಗೆ ಬರುವ ಹೊತ್ತಿಗೆ ಮಕ್ಕಳು ಐದು ವರ್ಷ ಆ ಭಾಷೆಯನ್ನು ಕಂಡಿರುತ್ತಾರೆ. ಪದ್ಯಗಳನ್ನು ಗಟ್ಟಿಯಾಗಿ ಒಪ್ಪಿಸುತ್ತಾರೆ, ಪ್ರಶ್ನೋತ್ತರಗಳನ್ನು ಬಾಯಿಪಾಠ ಹೇಳುತ್ತಾರೆ. ಹೊಸದೊಂದು ವಾಕ್ಯ ತೋರಿಸಿ ಓದು ಎಂದರೆ ತಲೆ ತಗ್ಗಿಸುತ್ತಾರೆ.

ಕಂಬಗಳನ್ನು ಕಂಡ ಮೇಲೆ ಪದಪಟ್ಟಿಯನ್ನು ನಿಲ್ಲಿಸಿ, ಓದಿನಿಂದ ಶುರುಮಾಡಿದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ, ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ. ನೂರು, ನೂರಿಪ್ಪತ್ತು ಪದಗಳ ಒಂದು ಕಥೆ ನಮಗೆ ಇಡೀ ವಾರಕ್ಕೆ ಸಾಕು. ಸೋಮವಾರ ಕನ್ನಡದಲ್ಲಿ ಓದಿ ನಗುವುದು, ಮಾತಾಡುವುದು. ಮಂಗಳವಾರ ನಾನು ಇಂಗ್ಲಿಷಿನಲ್ಲಿ ಓದುತ್ತೇನೆ, ಅವರು ಸಾಲಿನ ಕೆಳಗೆ ಬೆರಳಿಡುತ್ತಾರೆ. ಬುಧವಾರ ನನ್ನ ಹಿಂದೆ ಅವರ ಓದು, ಗುರುವಾರ ಇಬ್ಬಿಬ್ಬರು ಕೂಡಿ ಓದುವುದು. ಶುಕ್ರವಾರ ಧೈರ್ಯವಿದ್ದವರು ಎದ್ದು ನಿಂತು ಓದುತ್ತಾರೆ. ನಲವತ್ತು ನಿಮಿಷದ ಅವಧಿಯಲ್ಲಿ ಮೊದಲ ಹದಿನೈದು ನಿಮಿಷ ಇದಕ್ಕೇ ಮೀಸಲು. ಪಾಠ ಮುಗಿಸುವುದು ತಡವಾಗುತ್ತದೆ. ಆಗಲಿ.

ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಿಂದ ಕನ್ನಡ ಅಕ್ಷರಗಳಲ್ಲಿ ಉಚ್ಚಾರ ಬರೆದುಕೊಳ್ಳುವುದು ನಮ್ಮ ಮಕ್ಕಳ ಹಳೆಯ ಅಭ್ಯಾಸ. ಗೈಡ್‌ಗಳೂ ಹಾಗೆಯೇ ಅಚ್ಚು ಹಾಕುತ್ತವೆ. ಹಿಂದೆ ನಾನು ರಬ್ಬರ್ ಹಿಡಿದು ಅಳಿಸುತ್ತಿದ್ದೆ, ಬೈಯುತ್ತಿದ್ದೆ. ಅದರಿಂದ ಅವರು ಕದ್ದು ಬರೆಯುವುದನ್ನು ಕಲಿತರು, ಅಷ್ಟೇ. ಈಗ ಮಂಗಳವಾರ ಬೇಕಾದಷ್ಟು ಬರೆದುಕೊಳ್ಳಲಿ ಎಂದು ಬಿಡುತ್ತೇನೆ. ಗುರುವಾರ ಆ ಹಾಳೆಯನ್ನು ವಾಪಸು ಪಡೆದು, ಏನೂ ಬರೆಯದ ಹೊಸ ಹಾಳೆ ಕೊಡುತ್ತೇನೆ. ಬರೆದಂತೆ ಓದುವ ಭಾಷೆಯಿಂದ ಬಂದ ಮಗು ‘ಕ್ನೈಫ್’ ಎಂದು ಓದಿದರೆ ಅದು ತರ್ಕಬದ್ಧವಾಗಿಯೇ ಇದೆ. ಗೋಡೆಯ ಮೇಲೆ ‘ಸುಮ್ಮನಿರುವ ಅಕ್ಷರಗಳು’ ಎಂದು ಒಂದು ಚಾರ್ಟ್ ಅಂಟಿಸಿದ್ದೇನೆ. ಅಂಥ ಅಕ್ಷರ ಸಿಕ್ಕಾಗಲೆಲ್ಲ ಮಕ್ಕಳೇ ಹೋಗಿ ಸೇರಿಸುತ್ತಾರೆ.

ಪದಗಳ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಊರಿನ ಪಂಪ್‌ಸೆಟ್ ಮನೆ. ನಿಮ್ಮ ಮನೆಯವರು ದಿನವೂ ಆಡುವ ಇಂಗ್ಲಿಷ್ ಪದಗಳನ್ನು ಹಿಡಿದು ತನ್ನಿ ಎಂದೆ. ಮರುದಿನ ಕಪ್ಪು ಹಲಗೆ ಸಾಲಲಿಲ್ಲ: ಸ್ಟಾರ್ಟರ್, ಫ್ಯೂಸ್, ಬೋರ್‌ವೆಲ್, ಪೈಪ್, ವಾಲ್ವ್, ಡ್ರಿಪ್, ಕರೆಂಟ್, ಕವರ್, ಲೋನ್. ಇವುಗಳ ಕಾಗುಣಿತ ಕಲಿಯಲು ಅವರಿಗೆ ಅರ್ಥ ಹೇಳುವ ಶ್ರಮವಿಲ್ಲ. ಅದಕ್ಕಿಂತ ಸ್ವಾರಸ್ಯವಿದ್ದದ್ದು ಅರ್ಥ ಕದಲಿದ ಪದಗಳಲ್ಲಿ. ನಮಗೆ ‘ಕವರ್’ ಎಂದರೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಕಥೆಯಲ್ಲಿ ಅಮ್ಮ ಮಗುವನ್ನು ಕಂಬಳಿಯಿಂದ ‘ಕವರ್’ ಮಾಡಿದಳು ಎಂದು ಬಂದಾಗ, ಚೀಲದೊಳಗೆ ಹಾಕಿದಳೇ ಎಂದು ಇಡೀ ತರಗತಿ ಗಾಬರಿಯಾಯಿತು. ‘ಡ್ರಿಪ್’ ಎಂದರೆ ಅಡಿಕೆ ತೋಟದ ಕರಿಯ ಪೈಪು ಎಂದೇ ನಂಬಿದ್ದ ಹುಡುಗ, ಶಾಲೆಯ ನಲ್ಲಿಯಿಂದ ತೊಟ್ಟಿಕ್ಕುವುದೂ ಆಸ್ಪತ್ರೆಯಲ್ಲಿ ತಾತನಿಗೆ ಹಾಕಿದ್ದೂ ಅದೇ ಪದ ಎಂದು ತಿಳಿದಾಗ, ವಾರವೆಲ್ಲ ತೊಟ್ಟಿಕ್ಕುವ ವಸ್ತುಗಳನ್ನು ಹುಡುಕಿಕೊಂಡು ಓಡಾಡಿದ.

ವ್ಯಾಕರಣ ನನ್ನನ್ನು ಹೆಚ್ಚು ಕಾಡಿತು. ಮಕ್ಕಳ ತಪ್ಪು ವಾಕ್ಯಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಮೊದಮೊದಲು ಅದು ದೂರಿನ ಪಟ್ಟಿಯಂತಿತ್ತು. ನಲವತ್ತು, ಐವತ್ತು ವಾಕ್ಯಗಳಾದ ಮೇಲೆ ಒಂದು ರಾತ್ರಿ ಕೂತು ಓದಿದರೆ, ಅವೆಲ್ಲ ಅಚ್ಚುಕಟ್ಟಾದ ಕನ್ನಡ ವಾಕ್ಯಗಳು! ‘ರವಿ ನನ್ನ ಅಣ್ಣ’ ಎನ್ನುವಾಗ ಕನ್ನಡಕ್ಕೆ ಕ್ರಿಯಾಪದ ಬೇಕಿಲ್ಲ, ಹಾಗಾಗಿ ‘ರವಿ ಮೈ ಬ್ರದರ್’ ಎಂದು ಬರೆದಿದ್ದಾರೆ, ‘ಈಸ್’ ಇಲ್ಲ. ‘ನನಗೆ ಇಬ್ಬರು ತಂಗಿಯರಿದ್ದಾರೆ’ ಎಂಬಲ್ಲಿ ‘ಹ್ಯಾವ್’ಗೆ ಸಮನಾದ ಕ್ರಿಯಾಪದವೇ ನಮ್ಮಲ್ಲಿಲ್ಲ, ಆ ಕೆಲಸವನ್ನು ಚತುರ್ಥಿ ವಿಭಕ್ತಿ ಮಾಡುತ್ತದೆ. ಆದ್ದರಿಂದ ‘ಟು ಮಿ ಟೂ ಸಿಸ್ಟರ್ಸ್’.

ಅಂದಿನಿಂದ ವ್ಯಾಕರಣದ ಪಾಠವನ್ನು ಕನ್ನಡದಿಂದಲೇ ಶುರುಮಾಡುತ್ತೇನೆ. ಮೂವರು ಮಕ್ಕಳಿಗೆ ‘ನಾಯಿ’, ‘ಬೆಕ್ಕನ್ನು’, ‘ಓಡಿಸಿತು’ ಎಂಬ ಚೀಟಿಗಳನ್ನು ಕೊಟ್ಟು ನಿಲ್ಲಿಸಿದೆ. ನಾಯಿ, ಬೆಕ್ಕು ಜಾಗ ಬದಲಿಸಿದರೂ ಓಡಿದ್ದು ಬೆಕ್ಕೇ, ಏಕೆಂದರೆ ‘ಅನ್ನು’ ಅದರ ಬಾಲಕ್ಕೆ ಅಂಟಿಕೊಂಡಿದೆ. ಇನ್ನು ಮೂವರಿಗೆ ‘ಡಾಗ್’, ‘ಚೇಸ್ಡ್’, ‘ಕ್ಯಾಟ್’ ಎಂಬ ಚೀಟಿಗಳು. ಇಬ್ಬರು ಜಾಗ ಬದಲಿಸಿದ ಕೂಡಲೇ ಬೆಕ್ಕು ನಾಯಿಯನ್ನು ಅಟ್ಟಿಸಿಕೊಂಡು ಹೋಯಿತು! “ಮಿಸ್, ಇಂಗ್ಲಿಷಿನಲ್ಲಿ ಪ್ರತ್ಯಯ ಇಲ್ಲ, ಅದಕ್ಕೇ ಕೂತ ಜಾಗ ಬಿಡುವ ಹಾಗಿಲ್ಲ” ಎಂದಳು ಹಿಂದಿನ ಬೆಂಚಿನ ಹುಡುಗಿ. ಪದಗಳ ಕ್ರಮದ ಬಗ್ಗೆ ನಾನು ಕಪ್ಪು ಹಲಗೆಯ ತುಂಬ ಬರೆಯುತ್ತಿದ್ದ ನಿಯಮಗಳಿಗಿಂತ ಅವಳ ಮಾತು ಚೆನ್ನಾಗಿತ್ತು. ಮಾರನೆಯ ದಿನದಿಂದ ಅದನ್ನೇ ಬರೆದೆ.

ತರಗತಿ ನೋಡಲು ಬಂದ ಅಧಿಕಾರಿಯೊಬ್ಬರಿಗೆ ಇದು ಹಿಡಿಸಲಿಲ್ಲ. ಇಂಗ್ಲಿಷ್ ಅವಧಿಯಲ್ಲಿ ಇಷ್ಟು ಕನ್ನಡ ಏಕೆ ಎಂದು ಕೇಳಿ, ಕಡಿಮೆ ಮಾಡುವಂತೆ ಬರೆದು ಹೋದರು. ಅವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕಿವಿಗೆ ಇಂಗ್ಲಿಷ್ ಬೀಳಲೇಬೇಕು, ಅದಕ್ಕಾಗಿಯೇ ಆ ಹದಿನೈದು ನಿಮಿಷದ ಓದು. ಆದರೆ ವಿಭಕ್ತಿ ಗೊತ್ತಿರುವ ಮಗುವಿನ ಮುಂದೆ ಏನೂ ಗೊತ್ತಿಲ್ಲದವರಿಗೆ ಹೇಳುವಂತೆ ಪಾಠ ಮಾಡಲು ನನ್ನಿಂದ ಆಗದು.

ಎಲ್ಲವೂ ಗೆದ್ದಿತು ಎಂದೇನೂ ಇಲ್ಲ. ‘ಈಸ್’ ಕಲಿಸಿದ ಮೇಲೆ ಮಕ್ಕಳು ಅದನ್ನು ಒಗ್ಗರಣೆಯ ಹಾಗೆ ಎಲ್ಲೆಡೆ ಹಾಕಿ ‘ರವಿ ಈಸ್ ಗೋ’ ಎಂದರು. ಕ್ರಿಯಾಪದದ ಕೊನೆಯ ‘ಎಸ್’ ಅಂತೂ ನನ್ನ ಸೋಲು. ಕನ್ನಡದಲ್ಲಿ ಬರುತ್ತೇನೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ ಎಂದು ಬಾಲಗಳ ಸಾಲೇ ಇದೆ, ಇಂಗ್ಲಿಷಿನಲ್ಲಿ ಒಂದೇ ಒಂದು ಎಂದು ತೋರಿಸಿದಾಗ ಎಲ್ಲರೂ “ಅಷ್ಟೇನಾ ಮಿಸ್?” ಎಂದರು. ಆ ಒಂದನ್ನೇ ಎಂಟನೆಯ ತರಗತಿಯವರೂ ಮರೆಯುತ್ತಾರೆ.

ನೋಟ್‌ಬುಕ್ ಈಗ ಮೂರನೆಯದು. ಕಳೆದ ವಾರ ಮನೆಯವರ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದ್ದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ‘ಆ್ಯಂಗರ್ ಕಮ್ಸ್ ಟು ಮೈ ಗ್ರ್ಯಾಂಡ್‌ಮದರ್’ ಎಂದು ಬರೆದಿದ್ದಳು. ಅಜ್ಜಿಗೆ ಕೋಪ ಬರುತ್ತದೆ. ಗೆರೆ ಎಳೆಯಲು ಪೆನ್ನು ಊರಿದವಳು ತಡೆದೆ. ‘ಕಮ್’ ಪಕ್ಕದಲ್ಲಿ ‘ಎಸ್’ ಇತ್ತು. ಅದಕ್ಕೊಂದು ಸರಿ ಗುರುತು ಹಾಕಿ, ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ.