ಹೊಲ ಅಡ ಇಡದೆ ಪುಣೆಯ ಕಾಲೇಜು ಫೀ ಹೊಂದಿಸಿದ್ದು

ಪುಣೆಯ ಖಾಸಗಿ ವಿಶ್ವವಿದ್ಯಾಲಯದಲ್ಲಿ ಮೆರಿಟ್ ಮೇಲೆ ಸೀಟು ಸಿಕ್ಕಿತು. ಫೀ ನೋಡಿ ಅಪ್ಪ ಮಾತೇ ಆಡಲಿಲ್ಲ. ಪುಣೆ ಪಕ್ಕದ ಪಿಂಪ್ರಿಯ ನಮ್ಮ ಮನೆ ಹತ್ತಿರದ ಬ್ಯಾಂಕಿನಲ್ಲಿ ಸಾಲಕ್ಕೆ ವಿಜಯಪುರದ ಹೊಲದ ಕಾಗದಪತ್ರ ಕೇಳಿದರು. ಅಪ್ಪ ಕೊಡಲು ತಯಾರು, ನಾನು ಬೇಡವೆಂದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಪಿಎಂ ವಿದ್ಯಾಲಕ್ಷ್ಮಿ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಶಿಕ್ಷಣ ಸಾಲದ ಯೋಜನೆ. ಅಡಮಾನ ಬೇಡ, ಜಾಮೀನುದಾರರೂ ಬೇಡ. ಆದರೆ ಕಾಲೇಜು ಯೋಜನೆಯ ಪಟ್ಟಿಯಲ್ಲಿರಬೇಕು. ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ್‍ಯಾಂಕಿಂಗ್ ನೋಡಿ ಪಟ್ಟಿ ಮಾಡುತ್ತಾರೆ, ಖಾಸಗಿಯವೂ ಇವೆ. ನಮ್ಮದಿತ್ತು. ಪೋರ್ಟಲ್‌ನಲ್ಲೇ ಅರ್ಜಿ ಹಾಕಿದೆ, ಮಂಜೂರಾಯಿತು.

ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ವರ್ಷಕ್ಕೆ 1 ಲಕ್ಷ ಮಂದಿಗಷ್ಟೇ, ಅದೂ ಸರ್ಕಾರಿ ಕಾಲೇಜಿನವರಿಗೆ ಆದ್ಯತೆ. ಹಾಗಾಗಿ ಅದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಲ್ಯಾಪ್‌ಟಾಪ್ ಕೂಡ ಈ ಸಾಲದಲ್ಲೇ ಬೇಕಿದ್ದರೆ ಅದರ ಕೊಟೇಶನ್ ಬ್ಯಾಂಕಿಗೆ ಮೊದಲೇ ಕೊಡಿ, ಆಮೇಲೆ ಕೇಳಿದರೆ ಸುಮ್ನೆ ರಗಳೆ.